ಬೀಗ ಹಾಕಿದ ಫ್ಲ್ಯಾಟಿಗೆ ಇನ್ನೂ ಎರಡು ವರ್ಷ

ಕೇರಳದ ನಮ್ಮ ತಿರುವಲ್ಲದ ಕಡೆ ಎಷ್ಟೋ ಮನೆಗಳಲ್ಲಿ ಗಂಡಸರು ವರ್ಷಕ್ಕೊಂದು ತಿಂಗಳು ಮಾತ್ರ ಇರುತ್ತಾರೆ. ಕೋಶಿಯ ಮನೆಯೂ ಹಾಗೆಯೇ ಇತ್ತು. ಅವನು ಸೌದಿಯ ದಮ್ಮಾಮಿನಲ್ಲಿ ಕ್ರೇನ್ ಓಡಿಸುತ್ತಿದ್ದ. ಹೆಂಡತಿ ಲಿಸ್ಸಿ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸು. ರಾತ್ರಿ ಪಾಳಿ ಇದ್ದಾಗ ಅನ್ನು ಎಂಬ ಪುಟ್ಟ ಮಗಳನ್ನು ಪಕ್ಕದ ಮನೆಯಲ್ಲಿ ಮಲಗಿಸಿ ಹೋಗುತ್ತಿದ್ದಳು. ದಮ್ಮಾಮಿನಿಂದ ಕರೆ ಬರುವ ಹೊತ್ತಿಗೆ ಇವಳಿಗೆ ನಿದ್ದೆ, ಇವಳು ಕರೆಯುವ ಹೊತ್ತಿಗೆ ಅವನು ಕ್ರೇನಿನ ಮೇಲೆ.

ಅವರಿಗೆ ಊರ ಬಸ್‌ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಕೊಟ್ಟ ಅಂಗಡಿಯಲ್ಲದೆ ಕೊಚ್ಚಿಯಲ್ಲಿ ಒಂದು ಫ್ಲ್ಯಾಟೂ ಇತ್ತು. ಬೆಲೆ ಏರಿದಾಗ ಮಾರೋಣವೆಂದು ಸಾಲ ಮಾಡಿ ಕೊಂಡದ್ದು. ಹಾಲುಕ್ಕಿಸಿದ ದಿನ ಬಿಟ್ಟರೆ ಅಲ್ಲಿ ಒಲೆ ಹೊತ್ತಿರಲಿಲ್ಲ. ಆ ಕಟ್ಟಡದಲ್ಲಿ ಅರ್ಧಕ್ಕರ್ಧ ಮನೆ ಖಾಲಿ, ಬಾಡಿಗೆಗೂ ಯಾರೂ ಬರಲಿಲ್ಲ. ಬ್ಯಾಂಕಿನ ಕಂತು, ಕಟ್ಟಡದ ಖರ್ಚು ಮಾತ್ರ ತಿಂಗಳು ತಪ್ಪುತ್ತಿರಲಿಲ್ಲ.

ಆ ಸಲ ರಜೆಗೆ ಬಂದ ಕೋಶಿ ಹೊಸ ಸುದ್ದಿ ತಂದಿದ್ದ. ಕಂಪನಿ ಇನ್ನೂ ಎರಡು ವರ್ಷಕ್ಕೆ ಸಹಿ ಕೇಳುತ್ತಿದೆ. ಲಿಸ್ಸಿ ಪಾತ್ರೆ ತೊಳೆಯಲು ಎದ್ದು ಹೋದಳು.

ಭಾನುವಾರ ಇಗರ್ಜಿ ಮುಗಿಸಿ ಏಲಿಯಮ್ಮ ಊಟಕ್ಕೆ ಬಂದಳು. ಕೋಶಿಯ ದೊಡ್ಡಪ್ಪನ ಮಗಳು, ಗಂಡ ಹೆಂಡತಿ ಇಬ್ಬರಿಗೂ ಚೇಚಿ, ಅಂದರೆ ಅಕ್ಕ. ಕೊಚ್ಚಿಯ ನೋಂದಣಿ ಕಚೇರಿ ಎದುರು ಆಸ್ತಿ ಪತ್ರ ಬರೆಯುವುದು ಅವಳ ಕೆಲಸ. ಮರಗೆಣಸು, ಮೀನಿನ ಸಾರು ಬಡಿಸುತ್ತಾ ಲಿಸ್ಸಿಯೇ ಮಾತು ತೆಗೆದಳು. ಗಂಡನನ್ನು ಅವಳು ಕರೆಯುವುದು ಇಚ್ಚಾಯ ಎಂದು.

"ಚೇಚಿ, ನೀವಾದ್ರೂ ಹೇಳಿ. ಆ ಫ್ಲ್ಯಾಟು ಮಾರಿ ಅಂತೀನಿ, ಇಚ್ಚಾಯ ಕೇಳಲ್ಲ."

"ಅರವತ್ತು ಲಕ್ಷ ಕೊಟ್ಟಿದ್ದೀನಿ," ಎಂದ ಕೋಶಿ. "ದಲ್ಲಾಳಿ ಈಗ ಎಪ್ಪತ್ತು ಅಂತಾನೆ. ಇನ್ನೆರಡು ವರ್ಷ ಕಾದ್ರೆ ಎಂಬತ್ತು."

"ಎಪ್ಪತ್ತು ಕೊಡ್ತೀನಿ ಅಂತ ಯಾರಾದ್ರೂ ಬಂದ್ರೇನೋ?" ಎಂದು ಏಲಿಯಮ್ಮ ಕೇಳಿದಳು.

"ಬರ್ತಾರೆ."

"ದಲ್ಲಾಳಿ ಬಾಯಲ್ಲಿರೋದು ಬೆಲೆ ಅಲ್ಲ ಕೋಶಿ. ಯಾರೋ ಒಬ್ಬ ದುಡ್ಡು ಎಣಿಸಿ ಕೊಟ್ಟನಲ್ಲ, ಅದು ಬೆಲೆ. ನಿಮ್ಮ ಕಟ್ಟಡದಲ್ಲಿ ಈ ವರ್ಷ ಎರಡು ಫ್ಲ್ಯಾಟು ಮಾರಾಟವಾಯ್ತು, ಎರಡಕ್ಕೂ ಪತ್ರ ಬರೆದವಳು ನಾನೇ. ಐವತ್ತೆರಡರ ಮೇಲೆ ಹೋಗಲಿಲ್ಲ."

"ನಿನಗೆ ಗಿರಾಕಿ ಬೇಕು, ಅದಕ್ಕೇ ಹೀಗಂತೀಯ."

"ಹೌದು ಕಣೋ, ನಿನ್ನ ಫೀಸಿನಲ್ಲೇ ಬಂಗಲೆ ಕಟ್ಟಿಸ್ತೀನಿ! ಇಲ್ಲಿ ಕೇಳು. ಇವತ್ತು ನಿನ್ನ ಕೈಲಿ ಐವತ್ತೆರಡು ಲಕ್ಷ ಇದೆ ಅಂದ್ಕೋ. ಹೋಗಿ ಅದೇ ಫ್ಲ್ಯಾಟು ಕೊಳ್ತೀಯಾ?"

"ನನಗೇನು ಹುಚ್ಚಾ? ಬಾಡಿಗೆ ಇಲ್ಲ, ನೀರು ಸೋರುತ್ತೆ..."

ತಾನೇ ಏನು ಹೇಳಿದೆನೆಂದು ಕೋಶಿಗೆ ಹೊಳೆಯಿತು. ತಟ್ಟೆ ಪಕ್ಕಕ್ಕೆ ಸರಿಸಿದ.

"ಹನ್ನೊಂದು ವರ್ಷ ಆ ಬಿಸಿಲಲ್ಲಿ ದುಡಿದು ಕೊಂಡ ಫ್ಲ್ಯಾಟು ಚೇಚಿ," ಎಂದ ಆಮೇಲೆ. ಧ್ವನಿ ಇಳಿದಿತ್ತು. "ಅನ್ನು ಹುಟ್ಟಿದಾಗ ಇರಲಿಲ್ಲ, ನಡೆದಾಗ ಇರಲಿಲ್ಲ. ಈಗ ಕಮ್ಮಿಗೆ ಕೊಟ್ಟರೆ ಆ ವರ್ಷಗಳೆಲ್ಲ ಯಾತಕ್ಕಾಯ್ತು?"

ಲಿಸ್ಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಗಂಡನಿಗೂ ಹೀಗೆ ಅನ್ನಿಸುತ್ತದೆಂದು ಅವಳು ಕೇಳಿದ್ದು ಅದೇ ಮೊದಲು.

"ಆ ವರ್ಷಗಳು ಮಾರಿದ್ರೂ ಬರಲ್ಲ, ಇಟ್ಕೊಂಡ್ರೂ ಬರಲ್ಲ ಕಣೋ," ಎಂದಳು ಏಲಿಯಮ್ಮ. " ಇನ್ನೂ ಖರ್ಚಾಗದೆ ಉಳಿದಿರೋದು ಮುಂದಿನ ಎರಡು ವರ್ಷ. ಅದನ್ನ ಬೀಗ ಹಾಕಿದ ಮನೆಗೆ ಕೊಡ್ತೀಯೋ, ಈ ಮನೆಗೆ ಕೊಡ್ತೀಯೋ?"

"ಇಲ್ಲಿ ಬಂದ್ರೆ ಸಂಬಳ ಅರ್ಧ."

"ಕಂತು ಹೋದ್ರೆ ಅರ್ಧ ಸಾಕಾಗುತ್ತೆ ಇಚ್ಚಾಯ. ಬಸ್‌ಸ್ಟ್ಯಾಂಡಿನ ಅಂಗಡೀನೂ ಮಾರಿಬಿಡೋಣ," ಎಂದಳು ಲಿಸ್ಸಿ, ಒಂದೇ ಉಸಿರಿಗೆ. "ಎಲ್ಲಾ ಮಾರಿ ಬಂದುಬಿಡಿ."

"ನಿಲ್ಲು ಮೋಳೆ," ಎಂದಳು ಏಲಿಯಮ್ಮ, ಮಗಳನ್ನು ಕರೆಯುವಂತೆ. "ಅಂಗಡಿ ಯಾಕೆ? ಅದರ ಮೇಲೆ ಸಾಲ ಇಲ್ಲ, ಬಾಡಿಗೆ ತಪ್ಪದೆ ಬರುತ್ತೆ. ಹಠಕ್ಕೆ ಇಟ್ಕೊಳ್ಳೋದು ಹೇಗೆ ತಪ್ಪೋ, ಬೇಜಾರಿಗೆ ಮಾರೋದೂ ಹಾಗೇ ತಪ್ಪು. ಒಂದೊಂದು ಆಸ್ತೀನೂ ಬೇರೆ ಬೇರೆ ಇಟ್ಟು ನೋಡಿ. ಸಾಲ ಎಷ್ಟು ಉಳಿದಿದೆ ಬ್ಯಾಂಕಲ್ಲಿ ಕೇಳಿ, ತೆರಿಗೆ ಏನಾದ್ರೂ ಬೀಳುತ್ತಾ ಆಡಿಟರನ್ನ ಕೇಳಿ. ಆಮೇಲೆ ಸಹಿ."

ಮಾರನೆಯ ದಿನ ಇಬ್ಬರೂ ಬ್ಯಾಂಕಿಗೂ ಆಡಿಟರ ಬಳಿಗೂ ಹೋಗಿ ಕೇಳಿದರು. ಕೊಂಡದ್ದಕ್ಕಿಂತ ಕಮ್ಮಿಗೆ ಮಾರುವುದರಿಂದ ತೆರಿಗೆ ಬೀಳುತ್ತಿರಲಿಲ್ಲ, ಆದರೆ ಸಾಲ ತೀರಿ ಸ್ವಲ್ಪವೇ ಉಳಿಯುತ್ತಿತ್ತು. ಕೋಶಿ ಕಂಪನಿಗೆ ಎರಡು ವರ್ಷದ ಬದಲು ಆರು ತಿಂಗಳಿಗೆ ಒಪ್ಪಿ ಹೋದ. ಐವತ್ತೆರಡು ಕೇಳಿ ಕೂತರೂ ಕೊಳ್ಳುವವರು ಬರಲು ಐದು ತಿಂಗಳಾಯಿತು. ಕೊನೆಗೆ ಐವತ್ತೊಂದಕ್ಕೆ ಹೋಯಿತು. ಅಂಗಡಿ ಉಳಿಯಿತು.

ಈಗ ಅವನು ಕೊಚ್ಚಿ ಬಂದರಿನಲ್ಲಿ ಕೆಲಸ ಮಾಡುತ್ತಾನೆ, ಶನಿವಾರ ಮನೆಗೆ ಬರುತ್ತಾನೆ. "ಅಪ್ಪಾ, ಯಾವಾಗ ದಮ್ಮಾಮಿಗೆ?" ಎಂದು ಅನ್ನು ಕೇಳುತ್ತಾಳೆ. "ಇನ್ನು ಹೋಗಲ್ಲ ಮೋಳೆ," ಎನ್ನುತ್ತಾನೆ. ಮುಂದಿನ ಶನಿವಾರ ಅವಳು ಮತ್ತೆ ಕೇಳುತ್ತಾಳೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಹೆಸರಿನಲ್ಲೂ ಎಲ್ಲೋ ಒಂದು ಸೈಟು, ಒಂದು ಫ್ಲ್ಯಾಟು ಇರಬಹುದು. ಮಾರಲೇಬೇಕೆಂದು ನಾವು ಹೇಳುವುದಿಲ್ಲ. ಹಿಂದೆ ನೀವು ಕೊಟ್ಟ ಬೆಲೆಯನ್ನು ಒಂದು ಗಳಿಗೆ ಮರೆಯಿರಿ. ಅಕ್ಕಪಕ್ಕದಲ್ಲಿ ನಿಜವಾಗಿ ಎಷ್ಟಕ್ಕೆ ನೋಂದಣಿಯಾಯಿತೆಂದು ವಿಚಾರಿಸಿ, ಅಷ್ಟು ಹಣಕ್ಕೆ ಇವತ್ತು ನೀವೇ ಅದನ್ನು ಕೊಳ್ಳುತ್ತೀರಾ ಎಂದು ಕೇಳಿಕೊಳ್ಳಿ. ಅದನ್ನು ಉಳಿಸಿಕೊಳ್ಳಲು ಮನೆಯಲ್ಲಿ ಯಾರು ಏನು ಬಿಟ್ಟುಕೊಡುತ್ತಿದ್ದಾರೆ ಎಂಬುದನ್ನು ಅವರ ಬಾಯಿಂದಲೇ ಕೇಳಿ, ಇವತ್ತೇ, ಎಲ್ಲರೂ ಕೂತು ಉಣ್ಣುವಾಗ.