ಮದುವೆ ಅಳತೆಯ ಕುಬಸ

ಮೂಡಲಗಿಯ ಲೇಡೀಸ್ ಟೇಲರ್ ಈಶ್ವರ ಟೇಪು ಹಿಡಿಯುವುದಿಲ್ಲ. ಟೇಪು ಇಲ್ಲವೆಂದಲ್ಲ, ಇದೆ. ಅಂಗಡಿಯ ಗೋಡೆಯಲ್ಲಿ ಬಸವಣ್ಣನ ಕ್ಯಾಲೆಂಡರಿನ ಪಕ್ಕದ ಮೊಳೆಗೆ ನೇತಾಡುತ್ತ ಧೂಳು ತಿನ್ನುತ್ತಿದೆ. ಹೆಣ್ಣುಮಕ್ಕಳು ಜಂಪರಿನ ಖಣ ತಂದಿಟ್ಟು "ಅಳತಿ ತಗೋರಿ" ಎಂದರೆ, ಈಶ್ವರ ಒಮ್ಮೆ ತಲೆ ಎತ್ತಿ ನೋಡಿ "ಆತ್ರಿ, ಸೋಮವಾರ ಬರ್ರಿ" ಅನ್ನುತ್ತಾನೆ. ಸೋಮವಾರ ಜಂಪರು ತೊಟ್ಟು ನೋಡಿದರೆ ಎಲ್ಲೂ ಒಂದು ಸುಕ್ಕಿಲ್ಲ, ಒಂದು ಬಿಗಿಯಿಲ್ಲ. ಟೇಲರನಿಗೆ ಇಷ್ಟೊಂದು ಜಂಬ ಇರಬೇಕೇ ಎಂದರೆ, ಇರಲಿ ಬಿಡಿ, ಕೆಲಸ ಬಲ್ಲವನ ಜಂಬ ಅದು.

ಈ ಜಂಬ ನೆತ್ತಿಗೇರಿದ್ದು ಅವನ ಮದುವೆಯಲ್ಲಿ. ಯಮಕನಮರಡಿಗೆ ಕನ್ಯೆ ನೋಡಲು ಹೋದಾಗ ದಾನೇಶ್ವರಿ ಚಹಾದ ತಟ್ಟೆ ಹಿಡಿದು ಹೊರಗೆ ಬಂದು, ಕೊಟ್ಟು, ಒಳಗೆ ಹೋದಳು. ಅಷ್ಟರಲ್ಲೇ ಅಳತೆ ಸಿಕ್ಕಿತ್ತು. ಮದುವೆಗೆ ಐದು ಜಂಪರು ಹೊಲಿದು ಕಳಿಸಿದ. ಐದೂ ಹೇಳಿ ಮಾಡಿಸಿದಂತೆ ಕುಳಿತವು. ಯಮಕನಮರಡಿಯ ಬೀಗರೆಲ್ಲ ಬಾಯಿ ಬಿಟ್ಟರು. ಅದಾಗಿ ಮೂರು ವರ್ಷ ಕಳೆದರೂ ದಾನೇಶ್ವರಿಗೆ ಆರನೆಯ ಜಂಪರು ಆಗಲಿಲ್ಲ. ಗಂಡನ ಪಕ್ಕದಲ್ಲೇ ಕೂತು ಊರ ಹೆಂಗಸರ ಸೀರೆಗೆ ಫಾಲ್ ಹಚ್ಚಿ ಪೀಕೋ ಹೊಡೆಯುತ್ತಿದ್ದಳು ಪಾಪ. ಕೇಳಿದಾಗಲೆಲ್ಲ ಈಶ್ವರ, "ಗಿರಾಕಿದು ಮುಗೀಲಿ, ನಿಂದು ಎಲ್ಲಿ ಓಡಿ ಹೊಕ್ಕೈತಿ?" ಅನ್ನುತ್ತಿದ್ದ.

ಹೀಗಿರುವಾಗ ದಾನೇಶ್ವರಿ ಬಸುರಿಯಾದಳು. ಬಸುರಿಯಾದದ್ದು ಅವಳು, ವ್ರತ ಹಿಡಿಯಬೇಕಾದದ್ದು ಈಶ್ವರ! ಅವನ ತಾಯಿ ಅಲ್ಲವ್ವ ದಿನಕ್ಕೊಂದು ಕಟ್ಟಳೆ ಹೊರಡಿಸಿದಳು. ಬಸುರಿಯ ಗಂಡ ಕ್ಷೌರ ಮಾಡಿಸಬಾರದು. ತೆಂಗಿನಕಾಯಿ ಒಡೆಯಬಾರದು. ಸತ್ತವರ ಮನೆಗೆ ಹೋಗಬಾರದು. ಎಲ್ಲಕ್ಕಿಂತ ಮುಖ್ಯ, ಕೂಸು ಹೊಟ್ಟೆಯಲ್ಲಿರುವಾಗ ಕೂಸಿಗೆಂದು ಒಂದು ಹೊಲಿಗೆಯನ್ನೂ ಹಾಕಬಾರದು. ಈಶ್ವರ ಎಲ್ಲದಕ್ಕೂ ಹೂಂ ಅಂದ. ಏಳನೆಯ ತಿಂಗಳ ಹೊತ್ತಿಗೆ ಗಡ್ಡ ಎಷ್ಟು ಇಳಿಯಿತೆಂದರೆ, ಅರಭಾವಿಯಿಂದ ಬಂದ ಹೊಸ ಗಿರಾಕಿಯೊಬ್ಬಳು ಮಠದ ಸ್ವಾಮಿಗಳೆಂದು ತಿಳಿದು ಬಾಗಿಲಲ್ಲೇ ಚಪ್ಪಲಿ ಬಿಟ್ಟು, "ಅಜ್ಜಾರ, ಟೇಲರ್ ಎಲ್ಲಿ ಹೋಗ್ಯಾರ್ರಿ?" ಎಂದು ಅವನನ್ನೇ ಕೇಳಿ ಕೈ ಮುಗಿದಳು.

ಬಯಕೆಯದಂತೂ ಬೇರೆಯೇ ಕಥೆ. ಒಂದು ಮಧ್ಯಾಹ್ನ ದಾನೇಶ್ವರಿಗೆ ಗೋಕಾಕದ ಕರದಂಟು ಬೇಕೆನಿಸಿತು. ಅದೂ ಅಲ್ಲಿಯದೇ ಆಗಬೇಕು, ಮೂಡಲಗಿಯ ಅಂಗಡಿಯದು ನಡೆಯದು. ಈಶ್ವರ ಅರ್ಧ ಕತ್ತರಿಸಿದ ಬಟ್ಟೆ ಬಿಟ್ಟು, ಬಿಸಿಲಲ್ಲಿ ಬೈಕು ಹತ್ತಿ ಗೋಕಾಕಕ್ಕೆ ಹೋಗಿ ಒಂದು ಕಿಲೋ ತಂದ. ಅವಳು ಡಬ್ಬಿ ತೆರೆದು, ಮೂಸಿ, ಮುಖ ಆಚೆ ತಿರುಗಿಸಿದಳು.

"ಯಾಕ, ಏನಾತ?"

"ಇದು ಬ್ಯಾಡ್ರಿ. ಎದುರಿನ ಗಾಡ್ಯಾಗಿನ ಮಿರ್ಚಿ ಭಜಿ ತರ್ರಿ."

ಎದುರಿನ ಗಾಡಿಗೆ ಅಂಗಡಿಯಿಂದ ಇಪ್ಪತ್ತು ಹೆಜ್ಜೆ. ಕರದಂಟನ್ನು ಈಶ್ವರನೇ ಎಂಟು ದಿನ ತಿಂದ. ಹೆಂಡತಿ ಬಸುರಿ, ಹೊಟ್ಟೆ ಬಂದದ್ದು ಗಂಡನಿಗೆ ಎಂದು ಪೇಟೆಯವರು ನಕ್ಕರು.

ಏಳನೆಯ ತಿಂಗಳಲ್ಲಿ ಕುಬಸ ಮಾಡುವುದೆಂದು ನಿಶ್ಚಯವಾಯಿತು. ಕುಬಸವೆಂದರೆ ಗೊತ್ತಲ್ಲ, ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಜಂಪರು ತಂದು ತೊಡಿಸಿ, ಉಡಿ ತುಂಬಿ, ಉಣಿಸಿ, ಹೆರಿಗೆಗೆಂದು ಮಗಳನ್ನು ಕರೆದುಕೊಂಡು ಹೋಗುವ ಸಡಗರ. ಆ ಜಂಪರಿಗೂ ಕುಬಸವೆಂದೇ ಹೆಸರು. ಅತ್ತೆ ಇಂದ್ರವ್ವ ಯಮಕನಮರಡಿಯಿಂದ ಫೋನು ಮಾಡಿ, ಖಣವನ್ನು ತಮ್ಮೂರ ಟೇಲರನ ಕೈಲಿ ಹೊಲಿಸುವುದಾಗಿ ಹೇಳಿದಳು. ಈಶ್ವರನ ಗಡ್ಡವೆಲ್ಲ ನಿಮಿರಿ ನಿಂತಿತು.

"ಏನ್ ಮಾತಾಡ್ತೀರಿ ಅತ್ತಿಯವರ! ಟೇಲರ್ ಹೆಂಡ್ತಿ ಬ್ಯಾರೆ ಟೇಲರ್ ಹೊಲಿದಿದ್ದ ಹಾಕ್ಕೊಂಡ ಕುಂತ್ರ ನಾ ಅಂಗಡಿ ಬಾಗಲಾ ಹಾಕಬೇಕಾಕ್ಕೈತಿ. ಖಣ ಕಳಸ್ರಿ, ನಾ ಹೊಲೀತೇನಿ."

"ಅಳ್ಯಾರ, ಮೂರ ವರ್ಷದಾಗ ನನ್ನ ಮಗಳಿಗೆ ಒಂದರ ಜಂಪರ ಹೊಲದೀರೇನು?"

ಈಶ್ವರ ಮಾತು ಬದಲಿಸಿ, ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿಯೇಬಿಟ್ಟ. ಕುಬಸದ ದಿನವೇ ಅವಳನ್ನು ಒಯ್ಯಬೇಡಿ, ಇನ್ನೊಂದು ತಿಂಗಳು ಇಲ್ಲಿರಲಿ. ಖರೆ ಹೇಳಬೇಕೆಂದರೆ, ಹೆಂಡತಿ ಐದಾರು ತಿಂಗಳು ಮನೆಯಲ್ಲಿರುವುದಿಲ್ಲವೆಂಬುದನ್ನು ನೆನೆದಾಗಲೆಲ್ಲ ಅವನ ಎದೆ ಭಣಭಣ ಅನ್ನುತ್ತಿತ್ತು. ಪಕ್ಕದ ಪೀಕೋ ಮಿಷನ್ನು ಸುಮ್ಮನಾದರೆ ತನ್ನ ಮಿಷನ್ನು ಓಡುವುದು ಹೇಗೆ?

ಇಂದ್ರವ್ವ ಗಟ್ಟಿ ಹೆಣ್ಣುಮಗಳು. "ಹಂಗಾರ ಒಂದು ಮಾತ," ಅಂದಳು. "ಕುಬಸ ನನ್ನ ಮಗಳ ಮೈಮ್ಯಾಲ ಚೊಲೋ ಕುಂತ್ರ ಒಂದು ತಿಂಗಳ ಬಿಡ್ತೇನಿ. ಕುಂದರಲಿಲ್ಲಂದ್ರ ಅವತ್ತಽ ಗಾಡ್ಯಾಗ ಕೂಡಿಸ್ಕೊಂಡ ಹೊಕ್ಕೇನಿ. ಏನಂತೀರಿ?"

ಈಶ್ವರ ನಕ್ಕ. ಇದೂ ಒಂದು ಪಂಥವೇ? ಸೂರ್ಯ ಮೂಡುತ್ತಾನೋ ಇಲ್ಲವೋ ಎಂದು ಕೇಳಿದಂತಾಯಿತು. "ಆತ್ರಿ" ಅಂದ.

ಎರಡು ಮೀಟರ್ ಹಸಿರು ಖಣ ಬಂತು. ದಾನೇಶ್ವರಿ ಅದನ್ನು ಕೈಯಲ್ಲಿ ಹಿಡಿದು, ಮೂಸಿ, ಕೆನ್ನೆಗೆ ಒತ್ತಿಕೊಂಡಳು. ಈಚೆಗೆ ಅವಳಿಗೆ ಹೊಸ ಬಟ್ಟೆಯ ವಾಸನೆಯೆಂದರೆ ಜೀವ.

"ಅಳತಿ ತಗೋರಿ ಒಮ್ಮಿ," ಅಂದಳು.

"ನಿನ್ನ ಅಳತಿ ನನಗ ಹೇಳಿಕೊಡ್ತೀಯೇನ? ಬಾಯಿಪಾಠ ಐತಿ."

"ಹಾಕ್ಕೊಂಡರ ನೋಡ್ತೇನಿ, ಕುಬಸದ ಮುಂಚೆ."

"ಅವತ್ತಽ ನೋಡು. ಎಲ್ಲಾರೂ ಒಮ್ಮೆಲೆ ನೋಡ್ಲಿ."

ಹೊಲಿದ. ಕೈಗೆ ಜರಿ ಪಟ್ಟಿ, ಬೆನ್ನಿಗೆ ಮಣಿಯ ಗೊಂಡೆ, ಒಳಗೆ ಮೆತ್ತನೆಯ ಅಸ್ತರು. ಬಸುರಿಯಲ್ಲವೇ ಎಂದು ಮದುವೆಯ ಅಳತೆಗೆ ಒಂದಿಂಚು ಹೆಚ್ಚಿಗೆ ಬೇರೆ ಬಿಟ್ಟ. ಮೀಟರ್‌ಗಿಂತ ಹೆಚ್ಚು ಖಣ ಉಳಿಯಿತು. ಉಳಿದ ಹಸಿರು ಅವನನ್ನೇ ನೋಡುತ್ತಿತ್ತು. ತಾಯಿಯ ಕಟ್ಟಳೆ ನೆನಪಿತ್ತು, ಆದರೆ ಕೈ ಕೇಳಬೇಕಲ್ಲ! ಗೋಕಾಕದಲ್ಲಿ ಸ್ಕ್ಯಾನಿಂಗ್ ಆದಾಗ ಡಾಕ್ಟರಮ್ಮ ಕೊಟ್ಟ ಕಾಗದದಲ್ಲಿ ಕೂಸಿನ ತಲೆ ಎಷ್ಟು, ಕಾಲು ಎಷ್ಟು ಎಂಬುದೆಲ್ಲ ಬರೆದಿತ್ತು. ಈಶ್ವರ ಆ ಕಾಗದ ಮುಂದಿಟ್ಟುಕೊಂಡು, ಹುಟ್ಟುವ ಹೊತ್ತಿಗೆ ಎಷ್ಟಾದೀತೆಂದು ಅಂದಾಜು ಮಾಡಿ, ಕೂಸಿನ ತಲೆಯಿಂದ ಬೆನ್ನ ತನಕ ಮುಚ್ಚುವಂಥ ಮುದ್ದಾದ ಒಂದು ಕುಂಚಿಗೆ ಹೊಲಿದ. ಅಂಚಿಗೆ ನೆರಿಗೆ, ನೆತ್ತಿಗೆ ಒಂದು ಗೊಂಡೆ. ಉಳಿದ ಖಣವೆಲ್ಲ ಅದಕ್ಕೇ ಹೋಯಿತು. ಮಿಷನ್ನಿನ ಖಾನೆಯಲ್ಲಿ ದಾರದುಂಡೆಗಳ ಕೆಳಗೆ ಅಡಗಿಸಿಟ್ಟು, ಯಾರೂ ಇಲ್ಲದಾಗ ತೆಗೆದು ನೋಡಿ ನೋಡಿ ಮತ್ತೆ ಇಡುತ್ತಿದ್ದ.

ಕುಬಸದ ದಿನ ಬೆಳಿಗ್ಗೆಯೇ ಇಂದ್ರವ್ವ ಕ್ರೂಸರ್ ಗಾಡಿಯ ತುಂಬ ಹೆಂಗಸರನ್ನು ಹೇರಿಕೊಂಡು ಬಂದಿಳಿದಳು. ಹೋಳಿಗೆ, ಕರ್ಚಿಕಾಯಿ, ಬುಟ್ಟಿ ಬುಟ್ಟಿ ರೊಟ್ಟಿ ಇಳಿದವು. ಮೂಡಲಗಿಯ ಗಿರಾಕಿಗಳೂ ಬಂದರು, ಟೇಲರ್ ಹೆಂಡತಿಯ ಕುಬಸ ಹೇಗಿದೆಯೋ ನೋಡೋಣವೆಂದು. ಈಶ್ವರ ಇಸ್ತ್ರಿ ಮಾಡಿದ ಜಂಪರನ್ನು ತಟ್ಟೆಯಲ್ಲಿಟ್ಟು ಒಳಗೆ ಕಳಿಸಿ, ಗಡ್ಡ ಸವರಿಕೊಳ್ಳುತ್ತ ಪಡಸಾಲೆಯಲ್ಲಿ ಕೂತ. ಆಮೇಲೆ ಹೆಂಡತಿಯ ಹೆಸರು ಹೇಳು ಎಂದು ಹೆಂಗಸರು ಗಂಟುಬಿದ್ದರೆ ಹೇಳಲು ತನ್ನ ಕಸುಬನ್ನೇ ಹೊಗಳುವ, ಪ್ರಾಸ ಕೂಡಿದ ಒಡಪೊಂದನ್ನು ಕಟ್ಟಿಟ್ಟುಕೊಂಡಿದ್ದ.

ಒಳಗೆ ಹೋದ ಹೆಂಗಸರು ಹೊರಗೆ ಬರಲಿಲ್ಲ. ಪಿಸುಪಿಸು ಕೇಳಿಸಿತು. ಆಮೇಲೆ ಇಂದ್ರವ್ವ ಬಾಗಿಲಲ್ಲಿ ನಿಂತು, "ಅಳ್ಯಾರ, ಒಳಗ ಬರ್ರಿ ಸ್ವಲ್ಪ," ಅಂದಳು. ಅವಳ ಮುಖದಲ್ಲಿ ನಗೆಯಿತ್ತು, ಅದೇ ಈಶ್ವರನಿಗೆ ಸರಿಯೆನಿಸಲಿಲ್ಲ.

ಒಳಗೆ ದಾನೇಶ್ವರಿ ಗೋಡೆಗೆ ಒರಗಿ ನಿಂತಿದ್ದಳು. ಜಂಪರಿನ ತೋಳುಗಳು ಮೊಣಕೈಗಿಂತ ತುಸು ಮೇಲೆ ಬಂದು ಮುಷ್ಕರ ಹೂಡಿದ್ದವು. ಹುಕ್ಕು ಈ ಕಡೆ, ಕೊಂಡಿ ಆ ಕಡೆ, ನಡುವೆ ನಾಲ್ಕು ಬೆರಳು ಅಗಲ. ಸೆರಗನ್ನು ಎದೆಗೆ ಒತ್ತಿಕೊಂಡು ಅವಳು ಮೊದಲು ನಕ್ಕಳು. ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಬಂತು.

"ಗಿರಾಕಿ ಬಾಗಲ ಮುಂದ ಹಾದು ಹೋದ್ರ ಅಳತಿ ಹೇಳ್ತೀರಿ. ನಾ ಏಳ ತಿಂಗಳ ನಿಮ್ಮ ಬಾಜೂಕ ಕುಂತ ಪೀಕೋ ಹೊಡ್ಯಾಕತ್ತೇನಿ. ನನ್ನ ಒಮ್ಮೆರ ನೋಡೀರೇನ್ರಿ?"

ಈಶ್ವರ ನೋಡಿದ. ತೋಳು ತುಂಬಿಕೊಂಡಿದ್ದವು. ಮುಂಗೈಗೆ ಹಳೆಯ ಬಳೆ ಕಚ್ಚಿ ಕೆಂಪು ಗೆರೆ ಮೂಡಿತ್ತು. ಕಾಲು ಬಾತು ಕಾಲುಂಗುರ ಒಳಸೇರಿತ್ತು. ಕುತ್ತಿಗೆ ಕಪ್ಪಾಗಿತ್ತು, ಕಣ್ಣ ಕೆಳಗೆ ನಿದ್ದೆಗೆಟ್ಟ ನೆರಳು. ಇಷ್ಟೆಲ್ಲ ಯಾವಾಗ ಆಯಿತು? ಅವಳಿಗೆ ಏನು ತಿನ್ನಲು ಬೇಕು, ಯಾವ ತಾರೀಖಿಗೆ ಡಾಕ್ಟರು, ಕೂಸಿನ ತಲೆ ಎಷ್ಟು ಸೆಂಟಿಮೀಟರು, ಎಲ್ಲ ಅವನ ತಲೆಯಲ್ಲಿತ್ತು. ಅವಳೇ ಇರಲಿಲ್ಲ. ಚಹಾದ ತಟ್ಟೆ ಹಿಡಿದು ಬಂದವಳನ್ನೇ ಅವನಿನ್ನೂ ನೋಡುತ್ತಿದ್ದ. ನಾಚಿಕೆಯಿಂದ ಅವನಿಗೆ ಕಿವಿ ಸುಟ್ಟಂತಾಯಿತು.

ಮುಂದಿನ ಖೋಲಿಯ ಅಂಗಡಿಗೆ ಹೋಗಿ, ಮೊಳೆಯಿಂದ ಟೇಪು ತೆಗೆದು, ಧೂಳು ಕೊಡವಿ ತಂದ.

"ಕೈ ಎತ್ತು," ಅಂದ. ದನಿ ಸಣ್ಣದಾಗಿತ್ತು.

ತೋಳು, ಎದೆ, ಬೆನ್ನು, ಒಂದೊಂದನ್ನೂ ಎರಡೆರಡು ಸಲ ಅಳೆದ. ಇಂದ್ರವ್ವ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದಳು.

ಮಿಷನ್ನಿಗೆ ಕೂತು ಹೊಲಿಗೆ ಬಿಚ್ಚಿದ. ಒಳಗೆ ಬಿಟ್ಟಿದ್ದ ಬಟ್ಟೆ ಏತಕ್ಕೂ ಸಾಲದು. ಎರಡೂ ಬಗಲಿಗೆ, ಎರಡೂ ತೋಳಿಗೆ ಪಟ್ಟಿ ಕೊಡಬೇಕು, ಅದೇ ಖಣದ್ದು. ಈಶ್ವರ ಖಾನೆ ತೆರೆದು, ದಾರದುಂಡೆ ಸರಿಸಿ, ಕುಂಚಿಗೆ ಹೊರತೆಗೆದ. ಅದೇ ಹೊತ್ತಿಗೆ ಅಲ್ಲವ್ವ ಆರತಿಯ ತಟ್ಟೆ ಹುಡುಕುತ್ತ ಬಂದಳು.

"ಏನೋ ಅದು? ಕುಂಚಿಗಿ ಅಲ್ಲೇನೋ! ಅಯ್ಯ ನಿನ್ನ, ಏನ ಹೇಳಿದ್ದೆ ನಾ ನಿನಗ? ಕೂಸ ಇನ್ನೂ ಹೊಟ್ಯಾಗ ಐತೋ!"

"ಬಿಚ್ಚಾಕತ್ತೇನಿ, ಸುಮ್ಕಿರಬೇ," ಅಂದ ಈಶ್ವರ. ಬ್ಲೇಡನ್ನು ನೆರಿಗೆಯ ಮೇಲೆ ಆಡಿಸಿದ. ಅಲ್ಲವ್ವ ಮಗನ ಮುಖ ನೋಡಿ, ಬಾಯಿಗೆ ಬಂದ ಬೈಗುಳ ನುಂಗಿದಳು.

ಪಡಸಾಲೆಯ ಹೆಂಗಸರು ಹಾಡು ಮುಗಿಸಿ, ಮತ್ತೆ ಮೊದಲಿನಿಂದ ಹಾಡಿದರು. ಮಿಷನ್ನಿನ ಸದ್ದು ನಿಂತಾಗ ಮೂರನೆಯ ಸಲ ಹಾಡುತ್ತಿದ್ದರು. ಜಂಪರು ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ದಾನೇಶ್ವರಿ ಹಸಿರು ಸೀರೆ, ಹಸಿರು ಬಳೆ, ಹಸಿರು ಕುಬಸದಲ್ಲಿ ಹೊರಗೆ ಬಂದು ಮಣೆಯ ಮೇಲೆ ಕೂತು, ಹಾಯೆಂದು ಉಸಿರು ಬಿಟ್ಟಳು. ಎಲ್ಲೂ ಸುಕ್ಕಿಲ್ಲ, ಬಿಗಿಯಿಲ್ಲ. ಬಗಲಲ್ಲಿ ಪಟ್ಟಿಯ ಜೊತೆ ನೆರಿಗೆಯ ಒಂದು ಚೂರೂ ಸೇರಿಕೊಂಡಿತ್ತು, ಬಿಚ್ಚುವ ಅವಸರದಲ್ಲಿ ಉಳಿದದ್ದು.

ಉಡಿ ತುಂಬಿದ ಮೇಲೆ ಹೆಂಗಸರು ಹೆಸರು ಹೇಳೆಂದು ಗದ್ದಲವೆಬ್ಬಿಸಿದರು. ಅತ್ತೆಯ ಕೂಗನ್ನು ಒಳಗಿನಿಂದಲೇ ಕೇಳಿಸಿಕೊಂಡಿದ್ದ ದಾನೇಶ್ವರಿ ಗಂಡನನ್ನು ಓರೆಗಣ್ಣಿನಿಂದ ನೋಡಿ ಒಡಪು ಹಾಕಿದಳು:

"ಹಸರ ಖಣದ ಕುಬಸಕ್ಕ ಕುಂಚಿಗಿಯ ಪಟ್ಟಿ,
ಈಶ್ವರ ಅವರ ಹೆಸರ ಹೇಳ್ತೇನಿ, ಅಳತಿ ತಪ್ಪಿದ್ರೂ ಪ್ರೀತಿ ಗಟ್ಟಿ!"

ಮನೆ ಹಾರಿಹೋಗುವಂತೆ ನಕ್ಕರು. ಈಶ್ವರನ ಸರದಿ ಬಂತು. ಕಟ್ಟಿಟ್ಟುಕೊಂಡಿದ್ದ ಒಡಪು ಇನ್ನು ಹೇಳುವಂತಿರಲಿಲ್ಲ. ಗಡ್ಡ ಕೆರೆದುಕೊಂಡು ಹೊಸದೊಂದನ್ನು ತಡವರಿಸಿದ:

"ಊರಿಗೆಲ್ಲಾ ಟೇಲರ್ ನಾನು, ಕಣ್ಣಾಗಿತ್ತು ಟೇಪ,
ದಾನೇಶ್ವರಿ ಹೆಸರ ಹೇಳ್ತೇನಿ, ಮಾಡ್ರವಾ ನನ್ನ ಮಾಫ."

ಊಟವಾಯಿತು. ಕ್ರೂಸರ್ ಮನೆಯ ಮುಂದೆ ಬಂದು ನಿಂತಿತು. ಈಶ್ವರ ತಾನಾಗಿಯೇ ಹೆಂಡತಿಯ ಬ್ಯಾಗು ತಂದಿಟ್ಟ. "ಸೋತೇನ್ರಿ ಅತ್ತಿಯವರ. ಮೊದಲ ಕುಬಸ ಕುಂದರಲಿಲ್ಲ. ಕರ್ಕೊಂಡ ಹೋಗ್ರಿ," ಅಂದ. ದಾನೇಶ್ವರಿ ತಲೆ ತಗ್ಗಿಸಿ ಬಳೆ ಎಣಿಸುತ್ತಿದ್ದಳು.

ಇಂದ್ರವ್ವ ಮಗಳ ಸೆರಗು ಸರಿಮಾಡುವ ನೆಪದಲ್ಲಿ ಜಂಪರಿನ ಬಗಲು ಮುಟ್ಟಿ ನೋಡಿದಳು. ಬೆರಳಿಗೆ ಏನೋ ದಪ್ಪಗೆ ತಾಗಿತು. "ಇದೇನ್ರಿ, ಒಳಗ ಇಷ್ಟ ಬಟ್ಟಿ ಮಡಚಿ ಇಟ್ಟೀರಿ?"

"ಬರೂ ತಿಂಗಳ ಬೇಕಾಕ್ಕೈತ್ರಿ. ಅದರ ಮುಂದಿನ ತಿಂಗಳಕ್ಕೂ ಐತಿ. ಎರಡ ಸಾಲ ಹೊಲಿಗಿ ಹಾಕೇನಿ, ಒಂದೊಂದ ಬಿಚ್ಚಿಕೋತ ಹೋದ್ರ ಆಕಿಗೆ ಬಿಗಿ ಆಗೂದಿಲ್ಲ. ನಿಮ್ಮೂರ ಟೇಲರಿಗೆ ಹೇಳ್ರಿ, ಹಗೂರಕ ಬಿಚ್ಚಲಿ."

ಇಂದ್ರವ್ವ ಅಳಿಯನನ್ನು ಮೇಲಿಂದ ಕೆಳಗೆ ನೋಡಿದಳು. ಆ ಗಡ್ಡ, ಆ ಸೋತ ಮುಖ, ಕೊರಳಲ್ಲಿ ತೆಗೆಯಲು ಮರೆತ ಟೇಪು. "ನಮ್ಮೂರ ಟೇಲರಿಗೆ ಇದೆಲ್ಲಾ ಎಲ್ಲಿ ತಿಳಿತೈತಿ?" ಅಂದಳು. "ಮೊದಲನೇ ಬಿಚ್ಚೂದು ನೀವಽ ಬಿಚ್ರಿ. ಒಂದ ತಿಂಗಳ ಬಿಟ್ಟ ಬರ್ತೇನಿ." ಬ್ಯಾಗನ್ನು ಕಾಲಿನಿಂದ ಒಳಗೆ ತಳ್ಳಿ, ಹಿಂದೆ ನೋಡದೆ ಗಾಡಿ ಹತ್ತಿದಳು.

ಗಾಡಿ ಹೋದ ಮೇಲೆ ಅಲ್ಲವ್ವ ಅಂಗಡಿಗೆ ಬಂದು, ಕುಂಚಿಗೆಯಲ್ಲಿ ಉಳಿದಿದ್ದ ನೆತ್ತಿಯ ಭಾಗ, ಗೊಂಡೆ ಸಮೇತ, ಎತ್ತಿಕೊಂಡಳು.

"ಇದು ನನ್ನ ಟ್ರಂಕಿನ್ಯಾಗ ಇರತೈತಿ. ಕೂಸ ಬಂದ ಮ್ಯಾಲ ಕೂಸಿನ್ನ ನೋಡ್ಯಂತಿ. ಅಲ್ಲೀತನಕ ಹೆಂಡ್ತಿನ್ನ ನೋಡು."

ಈಶ್ವರ ಸ್ಟೂಲ್ ಎಳೆದುಕೊಂಡು ಪೀಕೋ ಮಿಷನ್ನಿನ ಎದುರಿಗೆ ಕೂತ. ದಾನೇಶ್ವರಿ ಬಾತ ಕಾಲನ್ನು ಮಣೆಯ ಮೇಲೆ ಚಾಚಿ, ಕರ್ಚಿಕಾಯಿ ಮುರಿದು ತಿನ್ನುತ್ತಿದ್ದಳು. ಎಷ್ಟು ಹೊತ್ತಾದರೂ ಅವನು ಏಳಲಿಲ್ಲ.

"ಏನ್ರಿ ಹಂಗ ನೋಡಾಕತ್ತೀರಿ? ಕೆಲಸ ಇಲ್ಲೇನ ನಿಮಗ?"

"ಐತಿ," ಅಂದ ಈಶ್ವರ. "ಅದನ್ನಽ ಮಾಡಾಕತ್ತೇನಿ."