ಬಾಲ್ಕನಿಯ ಕೆಂಪು ಟವೆಲ್

ನಾನು ಯಾವುದಕ್ಕೆ ರೇಗಿದರೂ ನೌಕಾಪಡೆಯಲ್ಲಿರುವ ನನ್ನ ಗಂಡ ಪೃಥ್ವೀರಾಜ್ "ಡೇಟ್ ಹತ್ರ ಬಂತಾ?" ಎಂದು ನಗುತ್ತಿದ್ದರು. ಮುಟ್ಟಿಗೆ ಮುಂಚಿನ ದಿನಗಳಲ್ಲಿ ನನಗೆ ಕಾರಣವಿಲ್ಲದೆ ಸಿಟ್ಟು, ಅಳು ಬರುವುದು ನಿಜವೇ. ಅದಕ್ಕೇ, ಚಂಡಮಾರುತ ಬರುವ ಮುನ್ನ ನಾವಿದ್ದ ವಿಶಾಖಪಟ್ಟಣದ ಬಂದರಿನಲ್ಲಿ ಎಚ್ಚರಿಕೆಯ ಸಿಗ್ನಲ್ ಏರಿಸುವಂತೆ, ಆ ದಿನಗಳಲ್ಲಿ ಬಾಲ್ಕನಿಯ ಹಗ್ಗದ ಮೇಲೆ ಕೆಂಪು ಟವೆಲ್ ಹಾಕತೊಡಗಿದೆ. ಅದನ್ನು ಕಂಡರೆ ಅವರು ತೆಪ್ಪಗೆ ಕುಕ್ಕರ್ ಇಡುತ್ತಿದ್ದರು.

ಹೋದ ತಿಂಗಳು ಬ್ಯಾಂಕಿನಲ್ಲಿ ನನಗೆ ಪ್ರಮೋಷನ್ ಸಿಕ್ಕಿ ವಿಜಯವಾಡಕ್ಕೆ ವರ್ಗವಾಯಿತು. ನನ್ನನ್ನು ಒಂದು ಮಾತೂ ಕೇಳದೆ ಅವರು "ಇವಳು ಹೋಗಲ್ಲಮ್ಮ" ಎಂದು ಅತ್ತೆಗೆ ಫೋನಿನಲ್ಲಿ ಹೇಳಿಬಿಟ್ಟರು. ನಾನು ಕೂಗಾಡಿದೆ. ಅವರು ಬಾಲ್ಕನಿಗೆ ಓಡಿದರು.

"ಟವೆಲ್ಲೇ ಹಾಕಿಲ್ವಲ್ಲೇ?"

"ಇಲ್ಲ ರೀ. ಇವತ್ತು ತಪ್ಪು ನಿಮ್ದೇ."

ಈಗ ನಾನು ವಿಜಯವಾಡದಲ್ಲಿ ಮ್ಯಾನೇಜರ್. ಟವೆಲನ್ನು ಅವರಿಗೇ ಬಿಟ್ಟುಬಂದಿದ್ದೇನೆ. ಗಂಡಸರಿಗೂ ಬಿರುಗಾಳಿ ಏಳುತ್ತದೆ.