ನೀರು ಕಾಣದ ಪಂಪು

ಜೊಂಡಿನ ಬುಡದಲ್ಲಿ ಕಟ್ಟಿದ ಮಂಜುಗಡ್ಡೆಯ ತೆಳುಪದರ ಅಲೆ ಬಂದಾಗಲೆಲ್ಲ ಒಡೆದು ಕಿಣಿಕಿಣಿ ಎನ್ನುತ್ತಿದೆ, ಯಾರೋ ಚಹಾದ ಬಟ್ಟಲುಗಳನ್ನು ತೊಳೆದು ಒಂದರೊಳಗೊಂದು ಜೋಡಿಸುತ್ತಿರುವ ಹಾಗೆ, ದಡದ ಮೇಲೆ ದಿಮ್ಮಿಗಳ ಆಸರೆಯಲ್ಲಿ ನಿಂತ ದೋಣಿಯ ಹೊಟ್ಟೆಯೊಳಗೆ ಮೊಣಕಾಲೂರಿ ಕೂತ ಉರ್ಕಿಯಾಗೆ ಆ ಸದ್ದು ಹಲಗೆಯನ್ನು ದಾಟಿ ಕೇಳಿಸುತ್ತದೆ, ಇನ್ನು ಕೆಲವೇ ದಿನ, ಆಮೇಲೆ ಬಲ್ಖಾಶ್ ಸರೋವರ ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡರೆ ಮತ್ತೆ ತೆರೆಯುವುದು ಏಪ್ರಿಲಿಗೇ — ಏಪ್ರಿಲ್, ಬೇಡ, ಏಪ್ರಿಲಿನ ಮಾತು ಈಗ ಬೇಡ, ಮೊದಲು ಈ ನಟ್ಟು. ಸ್ಪ್ಯಾನರು ಬೆರಳಿಗೆ ಅಂಟಿಕೊಳ್ಳುವಷ್ಟು ತಣ್ಣಗಿದೆ, ಎಂಜಿನ್ನಿನ ಮುಂದೆ ಮೂಗಿನಂತೆ ಚಾಚಿಕೊಂಡ ಪಂಪು, ಎರಡು ಮುಷ್ಟಿ ಕೂಡಿಸಿದಷ್ಟೇ ದಪ್ಪ, ಸರೋವರದ ನೀರನ್ನು ಎಳೆದು ಎಂಜಿನ್ನಿಗೆ ಕುಡಿಸಿ ತಂಪಾಗಿಡುವುದು ಇದೇ, ಒಳಗೆ ಒಂದು ಗುಟುಕು ನೀರು ಉಳಿದರೂ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿತ್ತಾಳೆಯ ಮೈಯನ್ನೇ ಸೀಳಿಬಿಡುತ್ತದೆ, ಅದಕ್ಕೇ ಈ ದಡದವರೆಲ್ಲ ನವೆಂಬರಿನಲ್ಲಿ ಪಂಪು ಬಿಚ್ಚಿ ಮನೆಗೆ ಒಯ್ದು ಒಲೆಯ ಪಕ್ಕ ಬೆಚ್ಚಗೆ ಇಡುತ್ತಾರೆ, ಯಾರ ಒಲೆಯ ಪಕ್ಕ ಪಂಪು ಕೂತಿದೆಯೋ ಅವರು ವಸಂತಕ್ಕೆ ನೀರಿಗಿಳಿಯುತ್ತಾರೆ ಎಂದು ಊರಿಗೇ ಗೊತ್ತು — ಆದರೆ ಇದರೊಳಗೆ ನೀರೆಲ್ಲಿದೆ, ಮೈದುನ ಕೆಂಜೆಬೆಕ್ ಬೆಳಿಗ್ಗೆ ಅಂಗಳದಲ್ಲಿ ನಿಂತು ಕೇಳಿದ್ದೂ ಅದನ್ನೇ, ಅತ್ತಿಗೆ, ದೋಣಿ ಈ ವರ್ಷ ನೀರನ್ನೇ ಮುಟ್ಟಿಲ್ಲ, ಒಣಗಿರೋ ಪಂಪು ಬಿಚ್ಚಿ ಏನ್ ಹಿಂಡ್ತೀರಿ? ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅಣ್ಣನ ಶವಕ್ಕೆ ಹೆಗಲು ಕೊಟ್ಟವನು, ಬೇಸಿಗೆಯಿಡೀ ಅವಳಿಗೆ ಸೌದೆ ತಂದು ಹಾಕಿದವನು, ಆಚೆ ಊರಿನ ಮೀನುಗಾರನೊಬ್ಬ ಎಂಜಿನ್ ಕೇಳಿದ್ದಾನಂತೆ, ನಾಳೆ ಬಂದು ಒಯ್ಯುತ್ತಾನಂತೆ, ಹಲಗೆಗಳು ಕುರಿದೊಡ್ಡಿಯ ಚಾವಣಿಗೆ ಆಗುತ್ತವಂತೆ, ಎಲ್ಲ ಸರಿಯಾದ ಮಾತೇ, ಒಂದೂ ತಪ್ಪಿಲ್ಲ, ಅವಳು ಸ್ಪ್ಯಾನರನ್ನು ಕೋಟಿನ ಜೇಬಿಗೆ ಹಾಕಿಕೊಂಡು ದಡದ ಕಡೆ ನಡೆದಳು, ಪಂಪಿಲ್ಲದ ಎಂಜಿನ್ನನ್ನು ಯಾರೂ ಒಯ್ಯುವುದಿಲ್ಲ ಎಂಬುದು ದಾರಿಯಲ್ಲಿ ಹೊಳೆಯಿತೋ, ಮೊದಲೇ ಹೊಳೆದದ್ದಕ್ಕೇ ಹೊರಟಳೋ, ಅವಳಿಗೇ ತಿಳಿಯದು.

ನಟ್ಟು ಮಿಸುಕುತ್ತಿಲ್ಲ, ಸೀಮೆಎಣ್ಣೆ ಹನಿಸಿ ಕಾಯಬೇಕು, ಕಾಯುವುದರಲ್ಲಿ ಎಸೆಂತಾಯ್ ಗಟ್ಟಿಗನಾಗಿದ್ದ, ಗಂಡಸರೆಲ್ಲ ನಟ್ಟಿಗೆ ಬೈಯುತ್ತಾರೆ, ಅವಳ ಗಂಡ ಮಾತ್ರ ಅದರ ಜೊತೆ ಹರಟೆ ಹೊಡೆಯುತ್ತಿದ್ದ, ಬಾರಪ್ಪ, ನಿನಗೂ ವಯಸ್ಸಾಯ್ತು ನನಗೂ ವಯಸ್ಸಾಯ್ತು, ಅವಳು ಮೇಲೆ ಬೋಗುಣಿ ಹಿಡಿದು ಚಳಿಯಲ್ಲಿ ಕುಣಿಯುತ್ತ, ನಿಮ್ಮ ಸಂಸಾರ ಮುಗೀತೇನ್ರೀ ಎಂದು ಕೇಳುತ್ತ — ಇದೇ ಪಂಪು, ಅವಳು ಮದುವೆಯಾಗಿ ಬಂದ ಮೊದಲ ಚಳಿಗಾಲ ಒಲೆಯ ಪಕ್ಕ ಒಂಟೆ ಉಣ್ಣೆಯ ಶಾಲಿನಲ್ಲಿ ಸುತ್ತಿಟ್ಟ ಗಂಟು, ಹುಲ್ಲುಗಾವಲಿನ ಕುರಿಗಾಹಿಗಳ ಮಗಳು, ಅಲ್ಲಿಯವರೆಗೆ ಅವಳು ಕಂಡ ದೊಡ್ಡ ನೀರೆಂದರೆ ಕುರಿಗಳಿಗೆ ಸೇದಿ ಹಾಕುವ ತೊಟ್ಟಿ, ಕಸ ಗುಡಿಸುತ್ತ ಗಂಟನ್ನು ಕಾಲಿನಿಂದ ಸರಿಸಿದಳು, ಅತ್ತೆ ಹಾರಿ ಬಿದ್ದರು, ಕಾಲಲ್ಲಿ ಮುಟ್ಬೇಡ್ವೇ, ನಮ್ಮ ಹೊಟ್ಟೆಗೆ ಹಾಕೋದೇ ಅದು, ಏನೋ ದೇವರ ಸಾಮಾನಿರಬೇಕೆಂದು ಹೆದರಿ ಹೆದರಿ ಬಿಚ್ಚಿದರೆ ಮೀನು ನಾರುವ ಹಿತ್ತಾಳೆ, ಬಾಗಿಲಲ್ಲಿ ನಿಂತಿದ್ದ ಎಸೆಂತಾಯ್ ನಗು ತಡೆಯಲಾರದೆ ಟೊಪ್ಪಿಗೆಯನ್ನು ಬಾಯಿಗೆ ಒತ್ತಿಕೊಂಡಿದ್ದ, ಮುಖದಲ್ಲಿ ಇನ್ನೂ ಸರಿಯಾಗಿ ಮೀಸೆಯೂ ಮೂಡಿರಲಿಲ್ಲ. ಆಮೇಲೆ ವರ್ಷಗಳು ಕಳೆದವು, ತೊಟ್ಟಿಲು ಬರಲಿಲ್ಲ, ಒಂದು ದಿನ ಚಹಾಕ್ಕೆ ಬಂದ ನೆರೆಯವರ ಮುಂದೆ ಅತ್ತೆ ಗಂಟಿನ ಕಡೆ ಗದ್ದ ತೋರಿಸಿ, ನನ್ನ ಮಗನ ಮನೇಲಿ ಬೆಚ್ಚಗೆ ಸುತ್ತಿ ಮಲಗಿಸೋದು ಇದೊಂದನ್ನೇ ಅಂದರು, ಮೆತ್ತಗೆ ಅಂದರೂ ಎಲ್ಲರಿಗೂ ಕೇಳುವ ಹಾಗೆ, ಕಪ್ಪಿಗೆ ಹಾಲು ಹಾಕುತ್ತಿದ್ದ ಅವಳ ಕೈ ಅಲ್ಲೇ ನಿಂತಿತು, ಎಸೆಂತಾಯ್ ತಾಯಿಗೆ ಎದುರು ಮಾತಾಡಲಿಲ್ಲ, ಆಡುವವನಲ್ಲ, ಎದ್ದು ಹೋಗಿ ಶಾಲನ್ನು ಬಿಚ್ಚಿ ಕೊಡವಿ ಎಲ್ಲರೆದುರಿಗೇ ಅವಳ ಹೆಗಲಿಗೆ ಹೊದಿಸಿದ, ಪಂಪಿಗೆ ತನ್ನ ಹಳೆಯ ಬನಿಯನ್ ಸುತ್ತಿದ, ಬರೋ ವಸಂತಕ್ಕೆ ನೀನೂ ದೋಣಿಗೆ ಬಾ, ಚುಕ್ಕಾಣಿ ಹಿಡಿಯೋಕೆ ಜನ ಬೇಕು ನನಗೆ ಅಂದ, ಅಷ್ಟೇ, ನೀರಿಗೆ ಹೆದರುವ ಹೆಂಗಸು ಹೀಗೆ ನೀರಿಗೆ ಬಿದ್ದಳು, ಶಾಲಿಗೆ ಮಾತ್ರ ಮೀನಿನ ನಾತ ಎಷ್ಟು ಒಗೆದರೂ ಹೋಗಲಿಲ್ಲ, ಅವಳೂ ಅಷ್ಟೇನೂ ಒಗೆಯಲಿಲ್ಲ. ಮತ್ತೆ ಆ ಗಾಳಿಯ ದಿನ, ಬಲೆಯ ತುಂಬ ಸಜಾನ್ ಮೀನು, ದೋಣಿ ಅಂಚಿನವರೆಗೂ ತೂಕ, ಇದ್ದಕ್ಕಿದ್ದಂತೆ ಎಂಜಿನ್ನಿನಿಂದ ಬಿಳಿ ಹಬೆ, ಪಂಪಿನೊಳಗಿನ ರಬ್ಬರು, ಹೂವಿನ ಎಸಳಿನ ಹಾಗಿರುತ್ತದೆ, ಅದು ಹರಿದು ಚೂರಾಗಿದೆ, ಗಾಳಿ ಬಂಡೆಗಳ ಕಡೆಗೆ ತಳ್ಳುತ್ತಿದೆ, ಅವಳು ಒಂದು ಕುರಿ ಹರಕೆ ಹೊತ್ತು, ಸಾಲದೆಂದು ಎರಡು ಹೊತ್ತು ಅಳುತ್ತಿದ್ದರೆ ಅವನು ಕೂತು ತನ್ನ ಬೂಟು ಬಿಚ್ಚಿ ಮೀನು ಸೀಳುವ ಚೂರಿಯಿಂದ ಹಿಮ್ಮಡಿಯ ರಬ್ಬರನ್ನು ಕೊಯ್ಯುತ್ತಿದ್ದಾನೆ, ರೊಟ್ಟಿ ಕೊಯ್ಯುವವನಷ್ಟು ನಿಧಾನ, ಅಳೋದಾದ್ರೆ ಆ ಕಡೆ ತಿರುಗಿ ಅಳು, ಚುಕ್ಕಾಣಿ ಮಾತ್ರ ಬಿಡ್ಬೇಡ, ಬಿಡಲಿಲ್ಲ, ಬಂಡೆಯ ಮೇಲಿನ ಹಕ್ಕಿಗಳ ಕಣ್ಣು ಕಾಣುವಷ್ಟು ಹತ್ತಿರ ಹೋದ ಮೇಲೆ ಬೂಟಿನ ರಬ್ಬರು ಪಂಪಿನೊಳಗೆ ಕೂತು ಎಂಜಿನ್ ಕೆಮ್ಮಿ ಚಾಲೂ ಆಯಿತು, ಊರಿನ ಬೀದಿಯಲ್ಲಿ ಅವನು ಒಂದು ಕಾಲು ಗಿಡ್ಡದವನ ಹಾಗೆ ಕುಂಟುತ್ತ ನಡೆದರೆ ಹಿಂದೆ ಮಕ್ಕಳ ದಂಡು ಕುಂಟುತ್ತ ನಡೆಯಿತು, ಕುಂಟ ಕ್ಯಾಪ್ಟನ್ ಎಂದು ಹೆಸರಿಟ್ಟವನು ಇದೇ ಕೆಂಜೆಬೆಕ್, ಆ ಬೇಸಿಗೆಯಿಡೀ ಹಾಗೇ ಕರೆದ.

ಕಟಕ್ — ನಟ್ಟು ಸಡಿಲವಾಯಿತು, ಇನ್ನೊಂದು, ಮತ್ತೊಂದು, ಇನ್ನು ಏಪ್ರಿಲನ್ನು ಎಷ್ಟು ಹೊತ್ತು ತಡೆಯುವುದು, ಬರಲಿ, ಸರೋವರ ಸಿಡಿಲಿನಂತೆ ಸದ್ದು ಮಾಡುತ್ತ ಒಡೆಯುತ್ತಿತ್ತು, ಎಸೆಂತಾಯ್ ಪಂಪನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ, ಕೂರಿಸಿ ಬಂದ, ಕೈ ತೊಳೆದ, ಚಹಾ ಕುಡಿದ, ಯಾಕೋ ಎಡಗೈ ಭಾರ ಕಣೇ, ಒಂದು ದಿಂಬು ಕೊಡು ಅಂದ, ಅವಳು ದಿಂಬು ತಂದಳು, ದಿಂಬು ಅವಳ ಕೈಯಲ್ಲೇ ಉಳಿಯಿತು. ಬಟ್ಟೆಗಳನ್ನು ಪದ್ಧತಿಯಂತೆ ನೆಂಟರಿಗೆ ಹಂಚಿದರು, ಬೂಟು, ತೋಳದ ಚರ್ಮದ ಟೊಪ್ಪಿಗೆ, ಬೆಲ್ಟು, ಎಲ್ಲ ಹೋದವು, ಗೋಡೆಯ ಮೇಲಿನ ಫೋಟೋದಲ್ಲಿರುವವನು ಯಾರೋ ಬಿಗುಮುಖದ ಅಧಿಕಾರಿ, ಅವನಲ್ಲ — ಪಂಪಿನ ಮುಚ್ಚಳ ಕೈಗೆ ಬಂತು, ಬೆಳಕಿಗೆ ಹಿಡಿದಳು, ಒಳಮೈಗೆ ದಪ್ಪಗೆ ಬಳಿದ ಬಿಳಿ ಗ್ರೀಸು, ನೀರು ಕಾಣದ್ದರಿಂದ ಬಳಿದ ಹಾಗೇ ಇದೆ, ಅದರ ನಡುವೆ ಒಂದು ಹೆಬ್ಬೆರಳು. ಒತ್ತಿದ ಗುರುತು, ಅಗಲ, ಗೆರೆ ಗೆರೆಯೂ ಎದ್ದು ಕಾಣುತ್ತದೆ, ಅಡ್ಡಲಾಗಿ ಗಾಳದ ಮುಳ್ಳು ಸೀಳಿದ್ದ ಗಾಯದ ಕಲೆ, ಆ ಕಲೆ ಅವಳ ಕೆನ್ನೆಗೆ ಗೊತ್ತು, ಒರಟಾಗಿ ತಾಗುತ್ತಿತ್ತು, ಅವನು, ಇಲ್ಲಿದ್ದಾನೆ, ಬೇಸಿಗೆಯಿಡೀ ಇಲ್ಲಿದ್ದ, ಮನೆಯ ಮೂಲೆಮೂಲೆಯಲ್ಲಿ ಹುಡುಕುತ್ತಿದ್ದವಳು ಇಲ್ಲಿಗೆ ಮಾತ್ರ ಬರಲಿಲ್ಲ. ಒರೆಸುವ ಬಟ್ಟೆ ತೊಡೆಯ ಮೇಲಿದೆ, ಹಳೇ ಗ್ರೀಸ್ ಬಿಟ್ರೆ ರಬ್ಬರ್ ಕಚ್ಕೊಳುತ್ತೆ, ಮೊದಲ ಸುತ್ತಿಗೇ ಹರಿಯುತ್ತೆ, ದಾಕ್ಷಿಣ್ಯ ನೋಡ್ಬೇಡ, ಪೂರ್ತಿ ಒರೆಸು, ಪ್ರತಿ ವರ್ಷ ಹೇಳುತ್ತಿದ್ದ, ಒರೆಸದೆ ಹೀಗೇ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ಇಟ್ಟುಬಿಟ್ಟರೆ, ಇಡಬಹುದು, ಆಗಾಗ ತೆಗೆದು ನೋಡಬಹುದು, ಆಮೇಲೆ ಎಂಜಿನ್ ಹೋಗಲಿ, ಹಲಗೆಗಳ ಕೆಳಗೆ ಕುರಿಗಳು ಮಲಗಲಿ, ಗುರುತು ಉಳಿಯುತ್ತದೆ, ಅವನು ಮಾಡುತ್ತಿದ್ದದ್ದು ಉಳಿಯುವುದಿಲ್ಲ. ಹೊರಗೆ ಏಣಿ ಕಿರುಗುಟ್ಟಿತು, ಕೆಂಜೆಬೆಕ್‌ನ ತಲೆ ಅಂಚಿನ ಮೇಲೆ ಮೂಡಿತು, ಬಿಚ್ಚಿದ್ರಾ ಅತ್ತಿಗೆ, ನಾಳೆ ಬರೋನಿಗೆ ಏನು ಹೇಳ್ಲಿ? ಅವಳು ಮುಚ್ಚಳವನ್ನು ಎದೆಗೆ ಮರೆಮಾಡಿಕೊಂಡು ಹೇಳಿದಳು, ಬರ್ಬೇಡ ಅನ್ನು. ವಸಂತಕ್ಕೆ ಚುಕ್ಕಾಣಿ ನಾನು ಹಿಡೀತೀನಿ. ಬಲೆ ಎಳೆಯೋಕೆ ನೀನು ಬರ್ತೀಯೋ ಇಲ್ವೋ, ಅಷ್ಟು ಹೇಳು. ಅವನು ಮೂಗು ಒರೆಸಿಕೊಂಡ, ದೂರದ ನೀರು ನೋಡಿದ, ಆಮೇಲೆ, ಪಂಪು ಭಾರ ಇರುತ್ತೆ, ಹೊತ್ಕೊಂಡು ಹೋಗೋಕೆ ನಾನು ಕೆಳಗಿರ್ತೀನಿ ಎಂದು ಇಳಿದುಹೋದ, ಬೂಟುಗಳ ಸದ್ದು ಮರಳಿನಲ್ಲಿ ನಿಂತಿತು, ಕಾಯುತ್ತಿದ್ದಾನೆ. ಬಟ್ಟೆ ಎತ್ತಿಕೊಂಡಳು, ಅಂಚಿನಿಂದ ಶುರುಮಾಡಿದಳು, ಸುತ್ತಲೂ, ಸುತ್ತಲೂ, ನಡುವಿನದೊಂದು ಬಿಟ್ಟು, ಹಿತ್ತಾಳೆ ಹಳದಿಯಾಗಿ ಬೆಳಗುತ್ತ ಬಂತು, ನಡುವೆ ಬಿಳಿಯ ದ್ವೀಪದಂತೆ ಹೆಬ್ಬೆರಳು, ದಾಕ್ಷಿಣ್ಯ ನೋಡ್ಬೇಡ, ಇಲ್ಲ ರೀ, ನೋಡುತ್ತಿಲ್ಲ, ಉಸಿರು ಹಿಡಿದು ಒಮ್ಮೆಗೇ ಒರೆಸಿದಳು, ಪೂರ್ತಿ. ಹೊಸ ಗ್ರೀಸಿನ ಡಬ್ಬಿ ತೆರೆದಿದೆ, ಎರಡು ಬೆರಳಲ್ಲಿ ತೆಗೆದುಕೊಂಡಳು, ಇನ್ನು ಬಳಿಯಬೇಕು, ಕೆಳಗೆ ಅವನು ಕಾಯುತ್ತಿದ್ದಾನೆ, ಬಳಿಯಬೇಕು, ಮುಚ್ಚಳ ಶುಭ್ರವಾಗಿದೆ, ಏನೂ ಇಲ್ಲ ಅದರಲ್ಲಿ, ಅವಳದೇ ಮುಖ ಮಬ್ಬಾಗಿ ಕಾಣುತ್ತದೆ, ಮುಖದ ನಡುವೆ, ಕೆನ್ನೆಯ ಮೇಲೆ, ಅಗಲವಾಗಿ, ಅಡ್ಡಗೆರೆಯ ಸಮೇತ, ಒರೆಸಿದ ಮೇಲೂ, ಮೊದಲಿನ ಹಾಗೇ ಒರಟಾಗಿ ತಾಗುತ್ತ, ಹೆಬ್ಬೆರಳು — ಆ ಹೆಬ್ಬೆರಳು —